ಸಿಹಿನೀರ ಬಾವಿಗೆ ನಾನು ಮಾಡಿದ ದುರಸ್ತಿ

ಹೋಳಿ ಹುಣ್ಣಿಮೆಯ ಮರುದಿನ ನಾನು ಪೇಟೆಯಿಂದ ಒಂದು ಹೊಸ ಗುದ್ದಲಿ ಕೊಂಡು ತಂದೆ. ಅನಾಹುತ ಶುರುವಾದದ್ದು ಅಲ್ಲಿಂದ. ಗುದ್ದಲಿಯ ತಪ್ಪೇನೂ ಇರಲಿಲ್ಲ, ಅದು ಒಳ್ಳೆಯ ಗುದ್ದಲಿ. ಅದರ ಕಾವು ಗಟ್ಟಿ ಜಾಲಿಯದು, ನುಣ್ಣಗೆ ಕೆತ್ತಿದ್ದು. ಆ ಕಾವು ಇಂದಿಗೂ ನಮ್ಮ ಮನೆಯಲ್ಲಿ ದಿನಾ ಬಳಕೆಯಲ್ಲಿದೆ. ದೋಷವೇನಿದ್ದರೂ ಅದನ್ನು ಹಿಡಿದವನಲ್ಲಿತ್ತು.

ಅದು ನಿಜಾಮರ ಕಾಲ. ನಾನು ವಾಡಿ ಜಂಕ್ಷನ್ನಿನ ಮಾಲುಗುದಾಮಿನಲ್ಲಿ ಕಾರಕೂನನಾಗಿದ್ದೆ. ಉರ್ದುವಿನಲ್ಲಿ ಮೆಟ್ರಿಕ್ ಪಾಸು ಮಾಡಿದ್ದೆ. ಆ ಪಾಸಿನ ಸೊಕ್ಕು ತಲೆಯಿಂದ ಇನ್ನೂ ಇಳಿದಿರಲಿಲ್ಲ. ಬಾಡಿಗೆ ಮನೆಗಳಲ್ಲಿ ತಿರುಗಿ ತಿರುಗಿ ಸಾಕಾಗಿ ಶಹಾಬಾದಿನಲ್ಲಿ ಒಂದು ಹಳೆಯ ಮನೆ ಕೊಂಡೆವು. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಮಾಳಿಗೆಯೂ ಕಲ್ಲಿನದು. ಹಿತ್ತಲಲ್ಲಿ ಒಂದು ಬಾವಿ.

ಆ ಬಾವಿಯ ವಿಷಯ ಮೊದಲೇ ಹೇಳಿಬಿಡಬೇಕು. ಓಣಿಯಲ್ಲಿದ್ದ ಉಳಿದ ಬಾವಿಗಳೆಲ್ಲ ಸವುಳು ನೀರಿನವು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಾಯಿಗೆ ಹಾಕಿದರೆ ಮುಖ ಕಿವುಚಬೇಕು. ಸಿಹಿನೀರಿದ್ದದ್ದು ನಮ್ಮ ಹಿತ್ತಲ ಬಾವಿಯಲ್ಲಿ ಮಾತ್ರ. ಮನೆ ಮಾರಿದ ಶೆಟ್ಟರು ಹೊರಡುವಾಗ ನನ್ನ ಕೈ ಹಿಡಿದು ಹೇಳಿದ್ದರು:

"ಕಾರಕೂನ್ರ, ಮನಿ ನಿಮ್ಮದು. ಭಾವಿ ಮಾತ್ರ ಓಣಿದ್ದು ಅಂತ ತಿಳ್ಕೋರಿ. ನಮ್ಮ ಅಪ್ಪ, ಅಜ್ಜ ಹಿಂದಿನ ಬಾಗಲಕ ಎಂದೂ ಕೀಲಿ ಹಾಕಿಲ್ಲ. ಹಂಗೇ ನಡಸ್ಕೊಂಡ ಹೋಗ್ರಿ."

"ಛೇ ಛೇ, ಅದೇನ್ ಮಾತ್ರಿ ಶೆಟ್ರ!" ಎಂದು ನಾನು ಎರಡೂ ಕೈ ಮುಗಿದೆ. ಆ ಮಾತು ಅಂದಾಗ ಅದು ಖರೆಯೇ ಆಗಿತ್ತು.

ಮೊದಲು ಹಿತ್ತಲಿಗೆ ಕಲ್ಲು ಹಾಸುವ ಕೆಲಸ ಕೈಗೆತ್ತಿಕೊಂಡೆ. ನಮ್ಮೂರಿನ ಹಾಸುಗಲ್ಲು ರೈಲಿನಲ್ಲಿ ದೂರದೂರದ ಊರುಗಳಿಗೆ ಹೋಗುತ್ತಿತ್ತು. ದಿನವೂ ಅದರ ವ್ಯಾಗನ್ನುಗಳಿಗೆ ಚೀಟಿ ಅಂಟಿಸುತ್ತಿದ್ದ ನನಗೆ ಕಲ್ಲಿನ ವಿದ್ಯೆಯೆಲ್ಲ ಬಂದಿದೆ ಎಂಬ ಭ್ರಮೆ. ರಜೆ ಹಾಕಿ ಮೊಳಕಾಲೂರಿ ಕೂತು ಸಾಲಾಗಿ ಕಲ್ಲು ಕೂಡಿಸಿದೆ. ನನ್ನ ಹೆಂಡತಿ ನೀಲಮ್ಮ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ನೀರ ಎತ್ತಾಗ ಹೋಗ್ತಾವ್ರಿ?" ಎಂದಳು.

"ಎತ್ತಾಗಂದ್ರ? ಮೋರಿಗಿ."

"ಹೌದ? ನನಗ್ಯಾಕೋ ಒಳಗ ಬರ್ತಾವ ಅನಸ್ತದ."

ನಾನು ನಕ್ಕೆ. ಆಕೆ ಒಂದು ಕೊಡ ನೀರು ತಂದು ಹಿತ್ತಲಲ್ಲಿ ಸುರುವಿದಳು. ನೀರು ಸಾವಕಾಶವಾಗಿ ಹರಿದು ಹೊಸ್ತಿಲು ದಾಟಿ ಅಡಿಗೆ ಮನೆಗೆ ಹೋಯಿತು. ಒಲೆಯ ಮುಂದೆ ನಿಂತಿತು!

ಹಾಸಿದ ಕಲ್ಲನ್ನೆಲ್ಲ ಕಿತ್ತೆ. ಕಿತ್ತ ಮೇಲೆ ಹಿತ್ತಲು ಹಲ್ಲು ಉದುರಿದ ಬಾಯಿಯಂತೆ ಕಾಣತೊಡಗಿತು. ಆ ಅವಮಾನ ಮುಚ್ಚಲು ತೋಟ ಮಾಡಬೇಕೆಂದು ನಿಶ್ಚಯಿಸಿದೆ. ಬಾಳೆ, ಮಲ್ಲಿಗೆ, ಗುಲಾಬಿ, ಒಂದು ಮಡಿ ಬದನೆ, ಚಪ್ಪರಕ್ಕೆ ಹೀರೆಬಳ್ಳಿ. ಕಲ್ಲಿನ ಊರಿನಲ್ಲಿ ಸುಡು ಬಿಸಿಲು ಶುರುವಾಗುವ ಹೊತ್ತಿಗೆ ಬಾಳೆ ಹಚ್ಚಿದವನು ನಾನೊಬ್ಬನೇ ಇರಬೇಕು.

"ಮಳಿ ಬಿದ್ದ ಮ್ಯಾಲ ಹಚ್ಚಿದ್ರ ಆಗೋದಿಲ್ಲೇನ್ರಿ?" ಎಂದಳು ನೀಲಮ್ಮ.

"ಮಳಿ ಬಿದ್ದ ಮ್ಯಾಲ ಯಾರ ಬೇಕಾದ್ರೂ ಹಚ್ತಾರ" ಎಂದೆ ಗಂಭೀರವಾಗಿ. ಅದೊಂದು ದೊಡ್ಡ ಮಾತೆಂದು ಆಗ ಅನ್ನಿಸಿತ್ತು.

ಗಿಡಗಳು ನೀರು ಕುಡಿದವು. ಎಷ್ಟು ಹಾಕಿದರೂ ಕುಡಿದವು. ಯುಗಾದಿಯ ಹೊತ್ತಿಗೆ ಬಾವಿಯ ನೀರು ಇಳಿಯಿತು. ಬೇಸಿಗೆಯಲ್ಲಿ ಅದು ಪ್ರತಿ ವರ್ಷ ಇಳಿಯುತ್ತಿತ್ತಂತೆ. ಆದರೂ ಓಣಿಯವರು ಕೊಡಕ್ಕೆ ಕೊಡ ಎಣಿಸಿ ಸಂಸಾರ ಸಾಗಿಸುತ್ತಿದ್ದರಂತೆ. ನನಗೆ ಕಂಡದ್ದೇ ಬೇರೆ. ನನ್ನ ಬಾಳೆ ಬಾಡುತ್ತಿದೆ, ಅತ್ತ ಬಾವಿಯ ಗಡಗಡೆ ಕಿರುಗುಟ್ಟುತ್ತಿದೆ, ಊರ ಹೆಂಗಸರು ನನ್ನ ಕಣ್ಣೆದುರೇ ನನ್ನ ಬಾಳೆಯ ನೀರನ್ನು ಹೊತ್ತೊಯ್ಯುತ್ತಿದ್ದಾರೆ! ಶೆಟ್ಟರಿಗೆ ಕೈ ಮುಗಿದದ್ದು ಮರೆತೇಹೋಯಿತು.

ಹಿತ್ತಲ ಬಾಗಿಲಿಗೆ ಕೀಲಿ ಹಾಕಿದೆ.

ಬರೀ ಕೀಲಿ ಹಾಕಿದೆನೆಂದರೆ ಜನ ಏನಂದಾರು ಎಂದು ಅದಕ್ಕೊಂದು ಕಾಯಿದೆಯನ್ನೂ ಮಾಡಿದೆ. ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಬಾಗಿಲು ತೆರೆಯುವುದು. ನಡುವೆ ಯಾರೂ ಬರಕೂಡದು. ರೈಲುಗಾಡಿಗೆ ವೇಳೆ ಇರುವಂತೆ ನೀರಿಗೂ ವೇಳೆ.

ಎದುರು ಮನೆಯ ಹುಸೇನಬೀ ಮುದುಕಿ. ಗಂಡ ಖಣಿಯಲ್ಲಿ ಕಲ್ಲು ಬಿದ್ದು ಸತ್ತಿದ್ದ. ಮದುವೆಯಾಗಿ ಬಂದಂದಿನಿಂದ ಆ ಬಾವಿಯ ನೀರೇ ಕುಡಿದವಳು. ಕಾಯಿದೆ ಜಾರಿಗೆ ಬಂದ ದಿನವೇ ಮಧ್ಯಾಹ್ನ ಖಾಲಿ ಕೊಡ ಹಿಡಿದು ಬಂದು ಕೀಲಿ ಅಲುಗಾಡಿಸಿದಳು. ಅಂದು ನನಗೆ ರಜೆ.

"ಕಾರಕೂನ್ ಸಾಬ್, ಈ ಕೀಲಿ ನೀರಿಗಿ ಹಾಕೀರೋ ನಮಗ ಹಾಕೀರೋ?"

"ವೇಳೆ ಗೊತ್ತ ಮಾಡೀನಿ ಬೂಬು. ಸಂಜಿಗಿ ಬಾ."

"ನೀರಡಿಕಿ ಏನ್ ಗಾಡಿ ಹೊತ್ತ ನೋಡಿ ಬರ್ತದೇನ್ರಿ?"

ನೀಲಮ್ಮ ಒಳಗಿನಿಂದ ಬಂದು, ನನ್ನ ಮುಖ ನೋಡದೆ, ನಮ್ಮ ಮನೆಯ ತುಂಬಿದ ಕೊಡವನ್ನೇ ಎತ್ತಿ ಹುಸೇನಬೀಯ ಕೊಡಕ್ಕೆ ಬಗ್ಗಿಸಿದಳು. ಆ ಸಂಜೆ ನನಗೆ ಕುಡಿಯಲು ನೀರು ಕೊಡುವಾಗ, "ಗಾಡಿ ಬಂದದ, ಕುಡೀರಿ" ಎಂದಳು.

ಹೆಂಡತಿಯ ಎದುರು ಮುಖವಿಲ್ಲ, ಓಣಿಯ ಎದುರು ಮುಖವಿಲ್ಲ. ಮರುದಿನ ಕೀಲಿ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಸರಳವಾದ ಉಪಾಯ ಮೆಟ್ರಿಕ್ ಆದವನಿಗೆ ಹೊಳೆಯುವುದು ಕಷ್ಟ. ನನಗೆ ಹೊಳೆದದ್ದು ಬಾವಿಯನ್ನೇ ಆಳ ಮಾಡುವ ಯೋಚನೆ. ನೀರು ಇಮ್ಮಡಿಯಾದರೆ ಬಾಳೆಗೂ ಆಯಿತು, ಓಣಿಗೂ ಆಯಿತು. ಆಗ ಕೀಲಿಯನ್ನು ನಾನೇ ಎಲ್ಲರೆದುರು ತೆಗೆದು ಬಾವಿಯೊಳಗೆ ಎಸೆಯುವುದು! ಆ ದೃಶ್ಯವನ್ನು ಮನಸ್ಸಿನಲ್ಲೇ ಅನೇಕ ಸಲ ನೋಡಿದೆ. ಹುಸೇನಬೀ ಅದರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಉಳಿದಿದ್ದ ನೀರನ್ನು ಮೊಗೆದು ತೆಗೆದು, ಗುದ್ದಲಿ ಹಿಡಿದು ಬಾವಿಗೆ ಇಳಿದೆ. ತಳದಲ್ಲಿ ಸ್ವಲ್ಪ ಕೆಸರು, ಕೆಸರಿನ ಕೆಳಗೆ ಹಾಸುಬಂಡೆ. ಗುದ್ದಲಿ ಅದಕ್ಕೆ ತಾಗಿ ಠಣ್ ಎಂದು ಪುಟಿದು ನನ್ನ ಹಣೆಗೇ ಬಂತು. ಮೇಲೆ ಬಂದಾಗ ಅಲ್ಲಿ ಬುಗುಟಿ ಎದ್ದಿತ್ತು.

ಆಗ ಸಿದ್ರಾಮ ಸಿಕ್ಕ. ಖಣಿಯಲ್ಲಿ ಮದ್ದು ತುಂಬಿ ಬಂಡೆ ಸಿಡಿಸುವ, ಸುರಂಗ ಹೊಡೆಯುವವರ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಬಾಯಿ ತೆರೆದರೆ ತಾನೇ ಇಡೀ ಖಣಿಯನ್ನು ಅಗೆದವನಂತೆ ಮಾತಾಡುತ್ತಿದ್ದ. ಬಾವಿಗೆ ಇಣುಕಿ, ಮೀಸೆ ಮುಟ್ಟಿಕೊಂಡ.

"ಇದೇನ್ರಿ ಕಾರಕೂನ್ರ, ಒಂದ ಸಣ್ಣ ಸುರಂಗದ ಕೆಲಸ. ಢಮ್ ಅಂದ್ರ ಆತು. ನೀರ ಕಟ್ಟಿ ತನಕ ಬರ್ತಾವ."

"ಖರೇ ಬರ್ತಾವೇನೋ?"

"ಬರ್ಲಿಲ್ಲಂದ್ರ ನನ್ನ ಮೀಸಿ ಬೋಳಸ್ರಿ!"

ಇಬ್ಬರು ಪಂಡಿತರೂ ಸೇರಿದೆವು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಬತ್ತಿ ಇಟ್ಟದ್ದಾಯಿತು. ಕಲ್ಲು ಸಿಡಿದು ಯಾರಿಗಾದರೂ ಬಡಿದೀತೆಂದು ಬಾವಿಯ ಬಾಯಿಗೆ ನಮ್ಮ ಮಂಚ ಕವುಚಿದೆವು. ಅದು ನೀಲಮ್ಮನ ತವರಿನವರು ಚಿಮ್ಮನಚೋಡದಿಂದ ಬಂಡಿಯಲ್ಲಿ ಹೇರಿ ಕಳಿಸಿದ್ದ ಮಂಚ. ಅದನ್ನು ಹಿತ್ತಲಿಗೆ ತಂದದ್ದು ಆಕೆಗೆ ಗೊತ್ತಾಗುವ ಮೊದಲೇ ಬತ್ತಿಗೆ ಬೆಂಕಿ ಹತ್ತಿತ್ತು.

ಸುರಂಗ ಹಾರಿತು. ಮಂಚ ಮಾಳಿಗೆಯ ಮೇಲೆ ಹೋಗಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿತು!

ಓಣಿಯವರೆಲ್ಲ ಓಡಿ ಬಂದರು. ಹೊಗೆ ಕರಗಿದ ಮೇಲೆ ಇಣುಕಿದರೆ, ಶಿವನೇ, ನೀರು ನಿಜವಾಗಿ ಮೇಲೆ ಬಂದಿತ್ತು! ಕೆಂಪಗೆ, ನೊರೆ ನೊರೆಯಾಗಿ ಕುದಿಯುತ್ತಿತ್ತು. ಸಿದ್ರಾಮ ಮೀಸೆ ತಿರುವಿದ. ನಾನು ಜೇಬಿನಿಂದ ಕೀಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಎಸೆದುಬಿಟ್ಟೆ.

ಅಷ್ಟರಲ್ಲಿ ಒಳಗಿನಿಂದ ಗುಳುಗುಳು ಎಂದು ಸದ್ದು ಬಂತು. ಮುದುಕನೊಬ್ಬ ಹುಕ್ಕಾ ಎಳೆದಂತಿತ್ತು. ನೀರು ಗರಗರ ತಿರುಗಿತು. ತಿರುಗುತ್ತ ತಿರುಗುತ್ತ ಇಳಿಯಿತು. ನೋಡನೋಡುತ್ತಿದ್ದಂತೆ ತಳದ ಒಡಕು ಬಂಡೆ ಕಂಡಿತು, ಅದರ ಮೇಲೆ ನನ್ನ ಕೀಲಿ ಕಂಡಿತು. ನೀರು ಮಾತ್ರ ಇರಲಿಲ್ಲ.

"ಎಲ್ಲಿ ಹೋದವೋ ನೀರು?" ಎಂದೆ.

"ಕೆಳಗ ಹೋದವ್ರಿ" ಎಂದ ಸಿದ್ರಾಮ.

"ಕೆಳಗಂದ್ರ?"

"ಕೆಳಗಂದ್ರ… ಕೆಳಗ್ರಿ."

ಕಥೆ ಇಷ್ಟೇ. ನಮ್ಮ ಊರಿನ ನೆಲ ಒಂದರ ಮೇಲೊಂದು ರೊಟ್ಟಿ ಪೇರಿಸಿದಂತೆ ಕಲ್ಲಿನ ಪದರು. ತಳದ ಬಂಡೆ ಬಿರುಕಿಲ್ಲದೆ ಇದ್ದುದರಿಂದಲೇ ಬಾವಿಯಲ್ಲಿ ನೀರು ನಿಲ್ಲುತ್ತಿತ್ತು. ನಾನು ನೀರು ಹಿಡಿದಿದ್ದ ಆ ತಟ್ಟೆಗೇ ತೂತು ಹೊಡೆದಿದ್ದೆ. ದಿನಾ ಕಲ್ಲಿನ ಪದರು ಕಣ್ಣಿಗೆ ಬೀಳುವ ಊರಿನಲ್ಲಿ ಇಷ್ಟು ತಿಳಿಯಲು ಮೆಟ್ರಿಕ್ ಬೇಕಿರಲಿಲ್ಲ.

ಬಾವಿಯ ಕಟ್ಟೆಯ ಸುತ್ತ ಯಾರೂ ಬೈಯಲಿಲ್ಲ. ಅದೇ ಕೆಟ್ಟದ್ದು. ಹುಸೇನಬೀ ಬಗ್ಗಿ ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ನೆಟ್ಟಗಾಗಿ, "ಸಾಬ್, ಇನ್ನ ವೇಳೆದ್ದ ಫಿಕರ್ ಇಲ್ಲ ಬಿಡ್ರಿ" ಎಂದು ಮನೆಗೆ ಹೋದಳು. ನೀಲಮ್ಮ ಮಾಳಿಗೆಯ ಕಡೆ ನೋಡಿ, "ಮಂಚ ಯಾವಾಗ ಇಳಸ್ತೀರಿ?" ಎಂದಳು.

ಒಡಕಿಗೆ ಜೇಡಿಮಣ್ಣು ಮೆತ್ತಿದೆ, ಗಚ್ಚು ಹಾಕಿಸಿದೆ. ಮೇಲಿನ ಒಡಕು ಮುಚ್ಚಿದರೆ ಪಕ್ಕದ್ದು ಬಾಯಿ ತೆರೆಯಿತು. ನನ್ನ ಬಾಳೆ, ಮಲ್ಲಿಗೆ, ಗುಲಾಬಿ, ಬದನೆ, ಹೀರೆ, ಒಂದೂ ಉಳಿಯದಂತೆ ಎಲ್ಲ ಒಣಗಿದವು. ಓಣಿಯವರು ಕುಡಿಯುವ ನೀರಿಗೆ ಊರ ಹೊರಗಿನ ಪಾಳುಬಿದ್ದ ಖಣಿಗೆ ಹೋಗತೊಡಗಿದರು. ಕಲ್ಲು ತೆಗೆದು ಬಿಟ್ಟ ಗುಂಡಿ, ಅದರಲ್ಲಿ ಹಿಂದಿನ ಮಳೆಯ ಹಸಿರು ನೀರು. ಕಟ್ಟೆಯಿಲ್ಲ, ಗಡಗಡೆಯಿಲ್ಲ. ನೀರಿನಲ್ಲೇ ಮೊಳಕಾಲು ಮಟ ಇಳಿದು ಕೊಡ ತುಂಬಬೇಕು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹೆಂಗಸರು ಸಾಲಾಗಿ ಹೋಗುವುದನ್ನು ನಾನು ವಾಡಿಗೆ ಹೋಗುವ ಗಾಡಿಯ ಕಿಟಕಿಯಿಂದ ನೋಡುತ್ತಿದ್ದೆ. ಆ ಸಾಲಿನಲ್ಲಿ ನೀಲಮ್ಮನೂ ಇರುತ್ತಿದ್ದಳು. ಒಮ್ಮೆ ನಾನೂ ಕೊಡ ಹೊತ್ತೆ. ಅರ್ಧ ದಾರಿಯಲ್ಲಿ ಒಡೆದುಕೊಂಡು ಬಂದೆ. "ನಮ್ಮನ್ಯಾಗ ಅದೊಂದೇ ದೊಡ್ಡ ಕೊಡ ಇತ್ತು" ಎಂದಳು ಅವಳು.

ಮಳೆ ಬಂತು, ಚಳಿ ಬಂತು. ಓಣಿ ಮತ್ತೆ ನನ್ನೊಡನೆ ಮಾತಾಡತೊಡಗಿತು. ನಾನು ಪಾರಾದೆ ಎಂದುಕೊಂಡೆ.

ಮುಂದಿನ ಹೋಳಿಯ ಸುಮಾರಿಗೆ ಓಣಿಯಲ್ಲಿ ಒಬ್ಬೊಬ್ಬರ ಕಾಲಿಗೂ ಬೊಬ್ಬೆ ಎದ್ದಿತು. ಬೆಂಕಿ ಇಟ್ಟಂತೆ ಉರಿ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿಯ ದಾರದಂಥ ಹುಳ ತಲೆ ಹಾಕುತ್ತದೆ. ನಮ್ಮ ಕಡೆ ಇದಕ್ಕೆ ನಾರು ಹುಣ್ಣು ಎನ್ನುತ್ತಾರೆ. ಅದನ್ನು ಕಡ್ಡಿಗೆ ಸಿಗಿಸಿ ದಿನಕ್ಕೆ ಇಷ್ಟೇ ಇಷ್ಟು ಸುತ್ತಬೇಕು. ವಾರಗಟ್ಟಲೆ ಸುತ್ತಬೇಕು. ಮೈಯಲ್ಲಿ ಬೆಳೆದು ಹೊರಬರಲು ಅದಕ್ಕೆ ಸುಮಾರು ಒಂದು ವರ್ಷ ಬೇಕಂತೆ. ಕಾಲಿಗೆ ಈ ಹುಣ್ಣಾದವರು ಇಳಿಯುವ ನೀರನ್ನು ಹಾಗೇ ಕುಡಿದರೆ ಬರುತ್ತದೆ ಎಂದು ದವಾಖಾನೆಯ ಡಾಕ್ಟರು ಬಹಳ ತಡವಾಗಿ ತಿಳಿಸಿದರು. ಬಟ್ಟೆಯನ್ನು ಮಡಚಿ ಸೋಸಿ ಕುಡಿದಿದ್ದರೂ ಸಾಕಿತ್ತಂತೆ. ನನ್ನ ಹಳೆಯ ಧೋತರದ ಒಂದು ತುಂಡು ಸಾಕಿತ್ತು!

ಆ ವಸಂತದಲ್ಲಿ ನಮ್ಮ ಓಣಿಯ ಕಟ್ಟೆಗಳ ಮೇಲೆ ಜನ ಕಾಲು ಚಾಚಿ ಸಾಲಾಗಿ ಕೂತು ಜೋಳದ ಕಡ್ಡಿಗೆ ನಾರು ಸುತ್ತುತ್ತಿದ್ದರು. ದೂರದಿಂದ ನೋಡಿದವರು ನೂಲುವವರ ಓಣಿ ಎಂದುಕೊಳ್ಳಬೇಕು. ನಾನು ಸ್ಟೇಷನ್ನಿಗೆ ಹೋಗಲು ಹಿಂದಿನ ಸಂದಿ ಹಿಡಿಯುತ್ತಿದ್ದೆ.

ನೀಲಮ್ಮನಿಗೆ ಮೊಳಕಾಲ ಸಂದಿನಲ್ಲೇ ಬಂತು. ದಿನಾ ಬೇವಿನೆಲೆ ಅರೆದು ಕಟ್ಟಿ, ತುಸು ಸುತ್ತಿ, ಹಲ್ಲು ಕಚ್ಚಿ ಮಲಗುತ್ತಿದ್ದಳು. ಒಂದು ಸಂಜೆ ನಾನು ಪಕ್ಕದಲ್ಲಿ ಕೂತು ಕಡ್ಡಿ ಕೈಗೆ ತೆಗೆದುಕೊಂಡೆ.

"ಎಳೀಬ್ಯಾಡ್ರಿ. ಹರೀತದ" ಎಂದಳು.

"ಇಲ್ಲ, ಸಡ್ಲ ಬಂದದ. ಒಂದ ಸಲಕ್ಕ ಹೊರಗ ಬಂದ್ರ ನಿನಗೂ ಆರಾಮ."

"ಬ್ಯಾಡ್ರೀ… ನಿಮ್ಮ ಕೈ ಮುಗೀತೀನಿ, ಸುಮ್ಮ ಕುಂದ್ರಿ."

ಅವಳ ನರಳಾಟ ನೋಡಲಾಗಲಿಲ್ಲ, ಅದಕ್ಕೇ ಎಳೆದೆ ಎಂದು ನಾನು ಎಷ್ಟೋ ವರ್ಷ ಕೇಳಿದವರಿಗೆಲ್ಲ ಹೇಳುತ್ತ ಬಂದೆ. ಜನ ಒಪ್ಪಿದರು. ಖರೆ ಮಾತೆಂದರೆ, ಕಾಯುವುದು ನನ್ನಿಂದ ಆಗಲಿಲ್ಲ. ಕಲ್ಲು ಹಾಸುವಾಗ ಕಾಯಲಿಲ್ಲ, ಗಿಡ ಹಚ್ಚುವಾಗ ಮಳೆಗೆ ಕಾಯಲಿಲ್ಲ, ಬಾವಿಯ ನೀರು ತಾನಾಗಿ ಏರುವ ತನಕ ಕಾಯಲಿಲ್ಲ. ಕಣ್ಣೆದುರು ಒಂದು ಕೆಲಸ ಸಾವಕಾಶವಾಗಿ ನಡೆಯುತ್ತಿದ್ದರೆ ನನ್ನ ಕೈ ಅದರೊಳಗೆ ಹೋಗಲೇಬೇಕು.

ಎಳೆದೆ. ಹರಿಯಿತು. ಹರಿದ ತುದಿ ರಬ್ಬರಿನಂತೆ ಒಳಗೆ ಸೇರಿಕೊಂಡಿತು.

ಮೊಳಕಾಲು ಕುಂಬಳಕಾಯಿಯಂತೆ ಬಾತಿತು. ಜ್ವರ, ಕೀವು, ಹೊರಸಿನ ಮೇಲೆ ಮಲಗಿಸಿ ದವಾಖಾನೆಗೆ ಹೊತ್ತೊಯ್ದದ್ದು, ಅಲ್ಲಿ ಕೊಯ್ದದ್ದು. ಅದನ್ನೆಲ್ಲ ನಗಿಸುವಂತೆ ಬರೆಯುವ ಶಕ್ತಿ ನನಗಿಲ್ಲ. ಜೀವ ಉಳಿಯಿತು. ಮೊಳಕಾಲು ಮಾತ್ರ ಮತ್ತೆ ಮಡಚಲಿಲ್ಲ.

ಅವಳು ಇನ್ನೂ ಹಾಸಿಗೆಯಲ್ಲಿದ್ದಾಗಲೇ ನನ್ನ ಎಡಗಾಲಿಗೂ ಬೊಬ್ಬೆ ಎದ್ದಿತು. ಈಗ ಹಿಂದಿನ ಸಂದಿ ಹಿಡಿದು ತಪ್ಪಿಸಿಕೊಳ್ಳುವಂತಿರಲಿಲ್ಲ. ನಾನೂ ಕಟ್ಟೆಗೆ ಬಂದು ಕಾಲು ಚಾಚಿ ಕೂತೆ. ಹುಸೇನಬೀ ತನ್ನ ಹಿಮ್ಮಡಿಗೆ ಬೇವಿನೆಲೆ ಕಟ್ಟಿಕೊಂಡು ಎದುರು ಕಟ್ಟೆಯ ಮೇಲಿದ್ದಳು.

"ಏನ್ ಸಾಬ್, ಈ ಸಲ ಹಿತ್ತಲದಾಗ ಏನ್ ಬೆಳದೀರಿ?"

ನಾನು ಕಾಲು ತೋರಿಸಿದೆ. "ಇದೊಂದ ಬಳ್ಳಿ ನೋಡ ಬೂಬು."

ಹುಸೇನಬೀ ನಕ್ಕಳು. ಓಣಿಯೂ ನಕ್ಕಿತು. ಒಳಗೆ ಹಾಸಿಗೆಯಲ್ಲಿದ್ದ ನೀಲಮ್ಮನೂ ನಕ್ಕದ್ದು ಕೇಳಿತು. ಆ ನಗೆ ಕೇಳಿ ನನಗೆ ನಾಚಿಕೆಯಾದಷ್ಟು ಯಾರ ಬೈಗಳಿಂದಲೂ ಆಗಿಲ್ಲ. ನಗು ನಿಂತ ಮೇಲೆ ಹುಸೇನಬೀ ಅಂದಳು:

"ಇದನ್ನರ ಎಳೀಬ್ಯಾಡ್ರಿ ಮತ್ತ."

ಎಳೆಯಲಿಲ್ಲ. ನನ್ನ ಕಾಲಿನ ನಾರನ್ನು ನಾನು ಎಷ್ಟು ತಾಳ್ಮೆಯಿಂದ ಸುತ್ತಿದೆನೆಂದರೆ ಓಣಿಯಲ್ಲಿ ಯಾರೂ ಅಷ್ಟು ತಾಳ್ಮೆಯಿಂದ ಸುತ್ತಿರಲಿಕ್ಕಿಲ್ಲ. ಪೂರ್ತಿ ಬಂತು, ಎಲ್ಲಿಯೂ ಹರಿಯಲಿಲ್ಲ. ಹೀಗಾಗಿ ನಾನು ಈ ವಯಸ್ಸಿನಲ್ಲೂ ನೆಟ್ಟಗೆ ನಡೆಯುತ್ತೇನೆ. ಕುಂಟುವವಳು ನನ್ನ ಹೆಂಡತಿ.

ಹಾಸಿಗೆಯಿಂದ ಎದ್ದ ದಿನ ಅವಳು ಮೂಲೆಯಲ್ಲಿದ್ದ ನನ್ನ ಗುದ್ದಲಿಯನ್ನು ಎಳೆದುಕೊಂಡು, ಕಬ್ಬಿಣವನ್ನು ಕಲ್ಲಿಗೆ ಕುಟ್ಟಿ ಕಳಚಿ ಬಿಸಾಕಿದಳು. ಕಾವನ್ನು ಊರಿಕೊಂಡು ಎದ್ದು ನಿಂತಳು. ಎತ್ತರ ಬರೋಬ್ಬರಿ ಇತ್ತು. ಅಂದಿನಿಂದ ಅದೇ ಅವಳ ಕೋಲು.

ನೀರು ನಿಲ್ಲದ ಆ ಬಾವಿಗೆ ಎಂದೋ ಹಾಸುಗಲ್ಲು ಮುಚ್ಚಿಸಿದೆವು. ಆ ಕಲ್ಲು ಒಂದು ಕಡೆ ತುಸು ಕುಸಿದಿದೆ. ಪ್ರತಿ ಹೋಳಿಯಾದ ಮೇಲೆ ನಾನು ಹಿತ್ತಲಿಗೆ ಹೋಗಿ ಅದನ್ನು ನೋಡುತ್ತೇನೆ. ಒಂದು ಹಾರೆ ಸಿಕ್ಕರೆ ಎತ್ತಿ ಸಮ ಮಾಡಬಹುದು, ಬಹಳ ಹೊತ್ತಿನ ಕೆಲಸವಲ್ಲ ಎಂದು ಕೈ ತುರಿಸುತ್ತದೆ. ಅಷ್ಟರಲ್ಲಿ ಒಳಗಿನಿಂದ ಟಕ್, ಟಕ್ ಎಂದು ಗುದ್ದಲಿಯ ಕಾವಿನ ಸದ್ದು ಹತ್ತಿರ ಬರುತ್ತದೆ.

"ಏನ್ ಮಾಡಾಕತ್ತೀರಿ ಅಲ್ಲಿ?"

"ಏನಿಲ್ಲ. ಸುಮ್ಮ ಕುಂತೀನಿ."

"ಭಾಳ ಚಲೋ ಆತು. ಅದನ್ನೇ ಮಾಡ್ರಿ."

ಮಾಡುತ್ತಿದ್ದೇನೆ. ಈ ಮನೆಯಲ್ಲಿ ನಾನು ಕೈ ಹಾಕಿ ಇಲ್ಲಿಯ ತನಕ ಕೆಡಿಸದ ಕೆಲಸ ಇದೊಂದೇ.